ಆಸ್ಟ್ರೇಲಿಯದ ನಾಯಕಾಂತರಗಳೂ ಲೋಕಾಭಿಪ್ರಾಯವೂ: 2010ರ ಪ್ರಸಂಗದ ಒಂದು ವಿಮರ್ಶೆ

ಆಸ್ಟ್ರೇಲಿಯದ ಇತ್ತೀಚಿನ ರಾಜಕೀಯ ಚರಿತ್ರೆಯನ್ನು ಕುರಿತು ಬರೆದವರಲ್ಲಿ ಬಹುಮಂದಿ ಒಂದು ಮಾತನ್ನು ಹೆಚ್ಚು ವಿಚಾರ ಮಾಡದೆಯೇ ಒಪ್ಪಿಕೊಂಡಂತೆ ತೋರುತ್ತದೆ. 2010ನೆಯ ಇಸವಿ ಜೂನ್ 24ರಂದು ಲೇಬರ್ ಪಕ್ಷದ ಸಂಸದರು ಪ್ರಧಾನಮಂತ್ರಿ ಕೆವಿನ್ ರಡ್ಡರನ್ನು ಇಳಿಸಿ, ಉಪಪ್ರಧಾನಿಯಾಗಿದ್ದ ಜೂಲಿಯ ಗಿಲ್ಲಾರ್ಡರನ್ನು ಆ ಸ್ಥಾನದಲ್ಲಿ ಕೂರಿಸಿದಾಗ, 'ನಾವು ಆರಿಸಿದವರನ್ನು ಇಳಿಸಲು ಇವರಾರು?' ಎಂದು ದೇಶಕ್ಕೆ ದೇಶವೇ ಕೆರಳಿತು. ಆ ಕೆರಳಿಕೆಯೇ ಎರಡು ತಿಂಗಳ ತರುವಾಯ ನಡೆದ ಚುನಾವಣೆಯಲ್ಲಿ ಪಕ್ಷದ ಬಹುಮತವನ್ನು ಕಳೆಯಿತು ಎಂಬುದೇ ಆ ಮಾತು. ಇದಕ್ಕೆ ಪ್ರತಿಯಾಗಿ ರಾಜ್ಯಾಂಗವನ್ನು ಬಲ್ಲವರು ಹೇಳುವ ಮಾತೂ ಅಷ್ಟೇ ಸಿದ್ಧವಾದದ್ದು. ಪ್ರಧಾನಿಯನ್ನು ಜನರು ಆರಿಸುವುದೇ ಇಲ್ಲ, ಸಂಸದರು ಆರಿಸುತ್ತಾರೆ. ಆದುದರಿಂದ ಜನರ ಕೋಪವು ತಿಳಿವಳಿಕೆಯ ಕೊರತೆಯಿಂದ ಹುಟ್ಟಿದ್ದು ಎಂದು ಅವರ ಸಮಾಧಾನ. ಈ ಎರಡು ಮಾತುಗಳೂ ಪರೀಕ್ಷೆಗೆ ನಿಲ್ಲತಕ್ಕವಲ್ಲವೆಂದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಕೊಡುವುದೇ ಈ ಲೇಖನದ ಉದ್ದೇಶ.

ಈ ವಿಷಯವನ್ನು ನಾವು ಕೈಗೆತ್ತಿಕೊಂಡದ್ದಕ್ಕೆ ತರಗತಿಯ ಅನುಭವವೂ ಒಂದು ಕಾರಣ. ರಾಜ್ಯಾಂಗಗಳ ಚರಿತ್ರೆಯನ್ನು ಪಾಠ ಹೇಳುವಾಗ, 'ಪ್ರಧಾನಿಯನ್ನು ಆರಿಸುವವರು ಯಾರು?' ಎಂದು ಕೇಳಿದರೆ ಪರೀಕ್ಷೆಗೆ ಓದಿಕೊಂಡ ವಿದ್ಯಾರ್ಥಿ 'ಬಹುಮತದ ಪಕ್ಷ' ಎಂದು ಬರೆಯುತ್ತಾನೆ. ಓದದ ವಿದ್ಯಾರ್ಥಿ 'ಜನರು' ಎನ್ನುತ್ತಾನೆ. ಮೊದಲನೆಯವನಿಗೆ ಅಂಕ ಕೊಟ್ಟು ಎರಡನೆಯವನಿಗೆ ಸೊನ್ನೆ ಹಾಕಿದ ಮೇಲೆ, ಎರಡನೆಯವನ ಉತ್ತರದಲ್ಲಿಯೂ ಒಂದು ಚಾರಿತ್ರಿಕ ಸತ್ಯ ಅಡಗಿರಬಹುದೆಂಬ ಸಂದೇಹ ನಮ್ಮನ್ನು ಬಿಟ್ಟಿಲ್ಲ. ಆಸ್ಟ್ರೇಲಿಯದ ಪ್ರಸಂಗವು ಆ ಸಂದೇಹವನ್ನು ಬಲಪಡಿಸುತ್ತದೆ.

ಮೊದಲು ಘಟನೆಗಳನ್ನು ನೆನಪಿಗೆ ತಂದುಕೊಳ್ಳೋಣ. 2007ರ ನವೆಂಬರ್ 24ರ ಚುನಾವಣೆಯಲ್ಲಿ ರಡ್ಡರ ನಾಯಕತ್ವದ ಲೇಬರ್ ಪಕ್ಷವು 150 ಸ್ಥಾನಗಳ ಪ್ರತಿನಿಧಿಸಭೆಯಲ್ಲಿ 83 ಸ್ಥಾನಗಳನ್ನು ಗಳಿಸಿ, ಹನ್ನೊಂದು ವರ್ಷಗಳಿಗೂ ಮಿಕ್ಕಿ ಆಳಿದ್ದ ಜಾನ್ ಹಾವರ್ಡರ ಸರ್ಕಾರವನ್ನು ಉರುಳಿಸಿತು. ಹಾವರ್ಡರು ತಮ್ಮ ಸ್ವಂತ ಕ್ಷೇತ್ರವಾದ ಬೆನೆಲಾಂಗನ್ನೂ ಕಳೆದುಕೊಂಡರು. 2008ರ ಫೆಬ್ರವರಿ 13ರಂದು, ತಾಯ್ತಂದೆಯರಿಂದ ಬಲವಂತವಾಗಿ ಅಗಲಿಸಲ್ಪಟ್ಟಿದ್ದ ಮೂಲನಿವಾಸಿ ಮಕ್ಕಳ ತಲೆಮಾರುಗಳ ಕ್ಷಮೆಯನ್ನು ರಡ್ಡರು ಪಾರ್ಲಿಮೆಂಟಿನಲ್ಲಿ ಬೇಡಿದರು. ಆ ದಿನ ಪಾರ್ಲಿಮೆಂಟ್ ಭವನದ ಎದುರಿನ ಹುಲ್ಲುಹಾಸಿನಲ್ಲಿಯೂ ನಗರಗಳ ಚೌಕಗಳಲ್ಲಿಯೂ ಜನ ಕಿಕ್ಕಿರಿದು ನಿಂತು ಆ ಮಾತುಗಳನ್ನು ಕೇಳಿದರು. ಜಗತ್ತನ್ನೇ ಕಾಡಿದ ಹಣಕಾಸಿನ ಮುಗ್ಗಟ್ಟಿನಲ್ಲಿ, 2009ರ ಫೆಬ್ರವರಿಯ 4,200 ಕೋಟಿ ಡಾಲರುಗಳ ಯೋಜನೆಯೇ ಮೊದಲಾದ ಕ್ರಮಗಳಿಂದ ದೇಶವು ಬಹುಮಟ್ಟಿಗೆ ಪಾರಾಯಿತು. ಆದರೆ 2010ರ ಏಪ್ರಿಲ್‌ನಲ್ಲಿ, ಇಂಗಾಲದ ಹೊಗೆಯನ್ನು ನಿಯಂತ್ರಿಸುವ ತಮ್ಮದೇ ಯೋಜನೆಯನ್ನು ರಡ್ಡರು ಮುಂದಕ್ಕೆ ಹಾಕಿದರು. ಮೇ ತಿಂಗಳ ಆರಂಭದಲ್ಲಿ ಗಣಿಗಳ ಅಧಿಕ ಲಾಭದ ಮೇಲೆ ಶೇಕಡಾ 40ರ ತೆರಿಗೆಯನ್ನು ಸಾರಿದರು. ಗಣಿ ಉದ್ಯಮವು ಕೋಟಿಗಟ್ಟಲೆ ಡಾಲರು ಸುರಿದು ಅದರ ವಿರುದ್ಧ ಜಾಹೀರಾತು ಹೂಡಿತು. ಜೂನ್ 23ರ ಸಂಜೆ ನಾಯಕತ್ವಕ್ಕೆ ಸ್ಪರ್ಧೆಯಿದೆಯೆಂಬ ಸುದ್ದಿ ದೂರದರ್ಶನದ ವಾರ್ತೆಯಲ್ಲಿ ಬಂದಿತು. ಎಷ್ಟೋ ಮಂದಿ ಸಂಸದರಿಗೇ ವಿಷಯ ತಿಳಿದದ್ದು ಹಾಗೆ. ಮರುದಿನ ಬೆಳಗ್ಗೆ ನಡೆದ ಪಕ್ಷದ ಸಭೆಯಲ್ಲಿ ರಡ್ಡರು ಸ್ಪರ್ಧಿಸಲೇ ಇಲ್ಲ. ಗಿಲ್ಲಾರ್ಡರು ಅವಿರೋಧವಾಗಿ ಆಯ್ಕೆಯಾಗಿ, ದೇಶದ ಮೊದಲ ಮಹಿಳಾ ಗವರ್ನರ್ ಜನರಲ್ ಕ್ವೆಂಟಿನ್ ಬ್ರೈಸರಿಂದ ಪ್ರಮಾಣವಚನ ಸ್ವೀಕರಿಸಿ ಮೊದಲ ಮಹಿಳಾ ಪ್ರಧಾನಿಯಾದರು. ರಡ್ಡರು ಕುಟುಂಬದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಗದ್ಗದಿತರಾಗಿ, ನಡುನಡುವೆ ಮಾತು ನಿಲ್ಲಿಸುತ್ತ ಮಾಡಿದ ವಿದಾಯ ಭಾಷಣವನ್ನು ಜನರು ಮನೆಗಳಲ್ಲಿ ಕುಳಿತು ನೋಡಿದರು.

ಇದಿಷ್ಟು ಒಂದು ಹಗಲು, ಒಂದು ಇರುಳಿನ ಕಥೆ. ಇದನ್ನು ಕುರಿತ ಬರೆವಣಿಗೆಗೆ ಕೊರತೆಯಿಲ್ಲ. ಪಾಲ್ ಕೆಲಿಯವರ 'ಟ್ರಯಂಫ್ ಅಂಡ್ ಡಿಮೈಸ್' (2014), ಗಿಲ್ಲಾರ್ಡರ 'ಮೈ ಸ್ಟೋರಿ' (2014), ರಡ್ಡರ 'ದಿ ಪಿಎಂ ಇಯರ್ಸ್' (2018), ಹಣಕಾಸಿನ ಮಂತ್ರಿಯಾಗಿದ್ದ ವೇಯ್ನ್ ಸ್ವಾನರ ಆತ್ಮಕಥನ, ಸಾಲದುದಕ್ಕೆ 2015ರಲ್ಲಿ ಪ್ರಸಾರವಾದ 'ದಿ ಕಿಲ್ಲಿಂಗ್ ಸೀಸನ್' ಎಂಬ ಮೂರು ಭಾಗಗಳ ಸಾಕ್ಷ್ಯಚಿತ್ರ. ಇವುಗಳ ಬೆಲೆಯನ್ನು ನಾವು ಕಡಿಮೆ ಮಾಡುವುದಿಲ್ಲ. ಆದರೆ ಇವೆಲ್ಲವುಗಳ ಕಣ್ಣು ಕ್ಯಾನ್‌ಬೆರಾದ ಪಡಸಾಲೆಗಳ ಮೇಲೆ ನೆಟ್ಟಿದೆ. ಯಾರು ಯಾರ ಕೊಠಡಿಗೆ ಎಷ್ಟು ಹೊತ್ತಿಗೆ ಹೋದರು, ಯಾರು ಮಾತು ಕೊಟ್ಟರು, ಯಾರು ತಪ್ಪಿದರು ಎಂಬುದರ ವಿಚಾರಣೆಯಲ್ಲಿ ಜನರೆಂಬುವರು ನಾಟಕದ ಮೇಳದವರಂತೆ ಹಿನ್ನೆಲೆಯಲ್ಲಿ ನಿಂತು ಒಮ್ಮೊಮ್ಮೆ 'ಅಯ್ಯೋ' ಎನ್ನುವ ಪಾತ್ರವಷ್ಟೇ ಆಗಿಬಿಡುತ್ತಾರೆ. ನಾಯಕನ ಆತ್ಮಕಥೆಯಲ್ಲಿ ಜನಾಭಿಪ್ರಾಯವು ಯಾವಾಗಲೂ ನಾಯಕನ ಪರವಾದ ಸಾಕ್ಷಿ. ಪದಚ್ಯುತನಾದವನಿಗೆ ಅದು ತನಗಾದ ಅನ್ಯಾಯವನ್ನು ಕಂಡ ಕಣ್ಣು. ಪದವಿಗೆ ಬಂದವಳಿಗೆ ಅದು ತಪ್ಪು ತಿಳಿವಳಿಕೆಗೆ ಒಳಗಾದ ಮನಸ್ಸು. ಇಂಥ ಆಕರಗಳನ್ನು ಎದುರುಬದುರಾಗಿ ಇಟ್ಟು ಓದಬೇಕೇ ಹೊರತು, ಒಂದನ್ನೇ ನೆಚ್ಚಿ ಜನರ ಮನಸ್ಸನ್ನು ಅಳೆಯುವುದು ಚರಿತ್ರಕಾರನಿಗೆ ತಕ್ಕ ಕೆಲಸವಲ್ಲ.

ಈಗ ಮೊದಲನೆಯ ಮಾತನ್ನು ತೆಗೆದುಕೊಳ್ಳೋಣ. ದೇಶವು ಆಗಿಂದಾಗ್ಗೆ ಕೆರಳಿತೇ? ದಿಗ್ಭ್ರಮೆಯಾದದ್ದು ನಿಜ. ಆದರೆ ದಿಗ್ಭ್ರಮೆಯೇ ಕೋಪವಲ್ಲ. ರಡ್ಡರು ಇಳಿಯುವುದಕ್ಕೆ ಮುಂಚಿನ ಕೊನೆಯ ನ್ಯೂಸ್‌ಪೋಲ್ ಸಮೀಕ್ಷೆಯಲ್ಲಿ, ಪ್ರಾಶಸ್ತ್ಯ ಮತಗಳನ್ನು ಹಂಚಿ ಲೆಕ್ಕ ಹಾಕಿದರೆ, ಲೇಬರ್ ಪಕ್ಷ ನೂರಕ್ಕೆ 52ರಂತೆ ಮುಂದಿದ್ದಿತು. ಗಿಲ್ಲಾರ್ಡರು ಬಂದ ಕೂಡಲೆ ಪಕ್ಷದ ಬಲ ಕುಗ್ಗಲಿಲ್ಲ, ಕೊಂಚ ಏರಿತು. ಅವರು ಜುಲೈ 17ರಂದು, ಅಧಿಕಾರಕ್ಕೆ ಬಂದು ಒಂದು ತಿಂಗಳೂ ತುಂಬದಿರುವಾಗಲೇ, ಚುನಾವಣೆ ಸಾರಿದ್ದು ಆ ಏರಿಕೆಯನ್ನು ನಂಬಿಯೇ. ಕೋಪ ಆ ಮೊದಲ ಇರುಳಿನಲ್ಲಿಯೇ ತುಂಬಿ ಬಂದಿದ್ದರೆ ಇಂಥ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಕೋಪವು ಮೆಲ್ಲಮೆಲ್ಲನೆ, ಚುನಾವಣೆಯ ಐದು ವಾರಗಳಲ್ಲಿ, ಬೇರೆ ಬೇರೆ ಕಾರಣಗಳಿಂದ ಕೂಡಿಬಂದದ್ದು. ಮಂತ್ರಿಮಂಡಲದ ಗುಟ್ಟಿನ ಚರ್ಚೆಗಳು ಪತ್ರಕರ್ತರ ಕೈ ಸೇರಿದುವು. ಜೂನ್ 23ರ ರಾತ್ರಿ ಇಬ್ಬರ ನಡುವೆ ಒಪ್ಪಂದವೊಂದಾಗಿ ಮುರಿದುಬಿದ್ದಿತ್ತೇ ಎಂಬ ಪ್ರಶ್ನೆಯನ್ನು ಜುಲೈ 15ರಂದು ರಾಷ್ಟ್ರೀಯ ಪ್ರೆಸ್ ಕ್ಲಬ್ಬಿನಲ್ಲಿ ಲಾರಿ ಓಕ್ಸರು ಗಿಲ್ಲಾರ್ಡರ ಮುಖಕ್ಕೇ ಕೇಳಿದರು. ಆ ಒಂದು ರಾತ್ರಿಯ ಕಥೆ ಮುಗಿಯದೆ ಪ್ರತಿವಾರವೂ ಹೊಸದಾಗಿ ಹೇಳಲ್ಪಡುತ್ತ ಬಂದಿತು. ಹಿಂದಿನಿಂದ ಬೆಳೆದ ಕೋಪವನ್ನು ಮೊದಲ ದಿನಕ್ಕೆ ಏರಿಸಿ ಹೇಳುವುದು ನೆನಪಿನ ಸ್ವಭಾವ. ಚರಿತ್ರೆಯು ಆ ಸ್ವಭಾವಕ್ಕೆ ಒಳಗಾಗಬಾರದು.

ಎರಡನೆಯ ಮಾತು ಇನ್ನೂ ಸೂಕ್ಷ್ಮವಾದದ್ದು. 1901ರಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯದ ರಾಜ್ಯಾಂಗದಲ್ಲಿ 'ಪ್ರಧಾನಮಂತ್ರಿ' ಎಂಬ ಶಬ್ದವೇ ಇಲ್ಲ. ಗವರ್ನರ್ ಜನರಲ್ ಮಂತ್ರಿಗಳನ್ನು ನೇಮಿಸುತ್ತಾರೆಂದು ಅದರ 64ನೆಯ ವಿಧಿ ಹೇಳಿ ಸುಮ್ಮನಾಗುತ್ತದೆ. ನಮ್ಮ ಸಂವಿಧಾನದ ಕರ್ತೃಗಳು ಬ್ರಿಟಿಷ್ ರೂಢಿಯನ್ನು ಬರೆಹಕ್ಕಿಳಿಸಿ 74 ಮತ್ತು 75ನೆಯ ವಿಧಿಗಳಲ್ಲಿ ಪ್ರಧಾನಿಯನ್ನು ಹೆಸರಿಸಿದರು. ಅವರು ಹಾಗೆ ಮಾಡಲಿಲ್ಲ. ಮತಪತ್ರದಲ್ಲಿ ರಡ್ಡರ ಹೆಸರನ್ನು ಕಂಡವರು ಬ್ರಿಸ್‌ಬೇನಿನ ಗ್ರಿಫಿತ್ ಕ್ಷೇತ್ರದ ಮತದಾರರು ಮಾತ್ರ. ಇದೆಲ್ಲವೂ ಸರಿ. ಆದರೆ 2007ರಲ್ಲಿ ಲೇಬರ್ ಪಕ್ಷ ಜನರ ಮುಂದೆ ಏನೆಂದು ನಿಂತಿತು? 'ಕೆವಿನ್ 07' ಎಂಬ ಎರಡೇ ಪದಗಳ ಘೋಷಣೆಯನ್ನು ಅಂಗಿಗಳ ಮೇಲೆ ಅಚ್ಚು ಹಾಕಿ ಮಾರಿದ ಪಕ್ಷ ಅದು. ಒಬ್ಬ ಮನುಷ್ಯನ ಹೆಸರನ್ನೂ ಒಂದು ವರ್ಷವನ್ನೂ ಬಿಟ್ಟರೆ ಅದರಲ್ಲಿ ಪಕ್ಷದ ಹೆಸರಿಲ್ಲ, ನೀತಿಯ ಹೆಸರಿಲ್ಲ. ಮನುಷ್ಯನನ್ನು ನೋಡಿ ಮತ ಕೊಡಿ ಎಂದು ಬೇಡಿ ಮತ ಪಡೆದವರು, ಮೂರು ವರ್ಷ ತುಂಬುವ ಮೊದಲೇ 'ನೀವು ಮತ ಕೊಟ್ಟದ್ದು ಮನುಷ್ಯನಿಗಲ್ಲ, ಪಕ್ಷಕ್ಕೆ' ಎಂದು ಪಾಠ ಹೇಳಹೊರಟರೆ ಕೇಳುವವರಾರು? ಹೀಗಿರುವಲ್ಲಿ ಅಜ್ಞಾನದ ಆರೋಪವನ್ನು ಜನರ ಮೇಲೆ ಹೊರಿಸುವುದು ಅನ್ಯಾಯ.

ಇದಕ್ಕಿಂತ ಮುಖ್ಯವಾದ ಮಾತು ಮತ್ತೊಂದಿದೆ. ಬ್ರಿಟಿಷ್ ಮಾದರಿಯ ರಾಜ್ಯಾಂಗದಲ್ಲಿ ಅರ್ಧ ಭಾಗ ಬರೆದ ವಿಧಿ, ಅರ್ಧ ಭಾಗ ರೂಢಿ. ರೂಢಿಯೆಂದರೆ ಎಲ್ಲರೂ ಹೀಗೆಯೇ ನಡೆಯಬೇಕೆಂದು ನಿರೀಕ್ಷಿಸುವ ನಡತೆ. ಪ್ರಧಾನಿ ಕೆಳಮನೆಯ ಬಹುಮತವನ್ನು ಪಡೆದಿರಬೇಕೆಂಬುದೂ ಒಂದು ಕಾಲದಲ್ಲಿ ನಿರೀಕ್ಷೆಯಾಗಿದ್ದು ಅನಂತರ ನಿಯಮವಾದದ್ದೇ. ಹಾಗಾದರೆ ಜನರ ಹೊಸ ನಿರೀಕ್ಷೆಯೊಂದನ್ನು, ಅದು ಬರೆದ ವಿಧಿಗೆ ಹೊಂದುವುದಿಲ್ಲವೆಂಬ ಮಾತ್ರಕ್ಕೆ, ತಪ್ಪೆಂದು ತಳ್ಳಿಹಾಕುವುದು ಹೇಗೆ? ಆ 'ತಪ್ಪು' ತಿಳಿವಳಿಕೆಯೇ ಒಂದು ಹೊಸ ರೂಢಿಯ ಮೊಳಕೆಯಾಗಿರಬಹುದಲ್ಲವೆ? ಈ ಪ್ರಶ್ನೆಗೆ ಘಟನೆಗಳೇ ಉತ್ತರ ಕೊಟ್ಟುವೆಂಬುದನ್ನು ಮುಂದೆ ನೋಡುತ್ತೇವೆ.

ಆದರೆ 'ನಾವು ಆರಿಸಿದವರು' ಎಂಬ ನ್ಯಾಯವೊಂದೇ ಜನರನ್ನು ಕೆರಳಿಸಿತೆಂದು ಹೇಳುವುದಕ್ಕೆ ಹಿಂದಿನ ಚರಿತ್ರೆ ಅಡ್ಡ ಬರುತ್ತದೆ. ಚುನಾವಣೆಗಳ ನಡುವೆ ಪ್ರಧಾನಿ ಬದಲಾದದ್ದು ಆಸ್ಟ್ರೇಲಿಯದಲ್ಲಿ ಅಪೂರ್ವವಲ್ಲ. 1941ರಲ್ಲಿ ಮೆನ್ಜೀಸರು ರಾಜೀನಾಮೆಯಿತ್ತು ಫ್ಯಾಡನ್ ಬಂದರು. ಆರು ವಾರಗಳೊಳಗೆ ಅವರೂ ಹೋಗಿ ಕರ್ಟಿನ್ ಬಂದರು. 1967ರ ಡಿಸೆಂಬರ್ 17ರಂದು ಹೆರಾಲ್ಡ್ ಹೋಲ್ಟರು ವಿಕ್ಟೋರಿಯದ ಶೆವಿಯಟ್ ಕಡಲತೀರದಲ್ಲಿ ಈಜಲಿಳಿದವರು ಮರಳಲಿಲ್ಲ, ದೇಹವೂ ಸಿಕ್ಕಲಿಲ್ಲ. 1971ರಲ್ಲಿ ಗಾರ್ಟನರ ಮೇಲಿನ ವಿಶ್ವಾಸಮತ 33ಕ್ಕೆ 33 ಎಂದು ಸಮನಾಗಲು ಅವರು ತಾವಾಗಿಯೇ ಸ್ಥಾನ ಬಿಟ್ಟರು. ನಮ್ಮ ಪ್ರಶ್ನೆಗೆ ಹೆಚ್ಚು ಉಪಯುಕ್ತವಾದದ್ದು 1991ರ ಪ್ರಸಂಗ. ಬಾಬ್ ಹಾಕರು 1983ರಿಂದ 1990ರವರೆಗೆ ನಾಲ್ಕು ಚುನಾವಣೆಗಳನ್ನು ಗೆದ್ದಿದ್ದವರು. ಜನಪ್ರೀತಿಯಲ್ಲಿ ರಡ್ಡರಿಗಿಂತ ಏನೂ ಕಡಿಮೆಯವರಲ್ಲ. 1991ರ ಡಿಸೆಂಬರ್ 19ರಂದು 56ಕ್ಕೆ 51 ಮತಗಳಿಂದ ಪಾಲ್ ಕೀಟಿಂಗರು ಅವರನ್ನು ಸೋಲಿಸಿ ಪ್ರಧಾನಿಯಾದರು. ಅಸಮಾಧಾನ ಇದ್ದೇ ಇದ್ದಿತು. ಕೀಟಿಂಗರು ಜನರಿಗೆ ಅಷ್ಟಾಗಿ ಬೇಕಾದವರೂ ಅಲ್ಲ. ಆದರೂ 1993ರ ಮಾರ್ಚ್ 13ರ ಚುನಾವಣೆಯನ್ನು ಅವರು ಗೆದ್ದರು. ಒಂದೇ ಪಕ್ಷ, ಒಂದೇ ಬಗೆಯ ಪದಚ್ಯುತಿ, ಫಲ ಮಾತ್ರ ಬೇರೆ.

ವ್ಯತ್ಯಾಸ ಎಲ್ಲಿಯದು? 1991ರಲ್ಲಿ ಜಗಳ ಬಯಲಿನಲ್ಲಿ ನಡೆಯಿತು. ಅಧಿಕಾರವನ್ನು ಬಿಟ್ಟುಕೊಡುವುದಾಗಿ ಹಾಕರು 1988ರಲ್ಲಿಯೇ ಗುಟ್ಟಾಗಿ ಮಾತು ಕೊಟ್ಟಿದ್ದ ಸಂಗತಿ ಬಯಲಾಯಿತು. ಜೂನ್ 3ರಂದು ಕೀಟಿಂಗರು ಸ್ಪರ್ಧಿಸಿ 66ಕ್ಕೆ 44ರಿಂದ ಸೋತು, ಮಂತ್ರಿಪದವಿಯನ್ನು ಬಿಟ್ಟು ಹಿಂದಿನ ಸಾಲಿನಲ್ಲಿ ಹೋಗಿ ಕುಳಿತರು. ಆರು ತಿಂಗಳ ಕಾಲ ಜನರು ಇಬ್ಬರನ್ನೂ ನೋಡಿದರು, ವಾದಗಳನ್ನು ಕೇಳಿದರು, ನಿರುದ್ಯೋಗ ಏರುತ್ತಿದ್ದ ಆ ಕಾಲದಲ್ಲಿ ಸರ್ಕಾರ ದಾರಿ ಕಾಣದೆ ನಿಂತದ್ದನ್ನೂ ಕಂಡರು. ಡಿಸೆಂಬರಿನಲ್ಲಿ ಆದದ್ದು ಅವರಿಗೆ ಪ್ರಿಯವಾಗದಿರಬಹುದು, ಆದರೆ ಅರ್ಥವಾಗದಿರಲಿಲ್ಲ. 2010ರಲ್ಲಿ ಗಿಲ್ಲಾರ್ಡರು ಕೊಟ್ಟ ಕಾರಣ ಒಂದೇ ವಾಕ್ಯದ್ದು: ಒಳ್ಳೆಯ ಸರ್ಕಾರವೊಂದು ದಾರಿ ತಪ್ಪುತ್ತಿತ್ತು ಎಂಬುದು. ದಾರಿ ತಪ್ಪಿದ್ದು ಎಲ್ಲಿ, ತಪ್ಪಿಸಿದವರು ಯಾರು, ಅದೇ ಸರ್ಕಾರದಲ್ಲಿ ಎರಡನೆಯ ಸ್ಥಾನದಲ್ಲಿದ್ದ ತಮ್ಮ ಪಾಲೆಷ್ಟು ಎಂಬುದನ್ನು ಅವರು ಹೇಳಲಿಲ್ಲ. ಪದಚ್ಯುತರಾದ ಸಹೋದ್ಯೋಗಿಯ ಮಾನ ಕಾಯುವ ಸೌಜನ್ಯ ಅದರಲ್ಲಿದ್ದಿರಬಹುದು; ರಡ್ಡರ ಸಾಧನೆಗಳ ಮೇಲೆಯೇ ಚುನಾವಣೆಗೆ ಹೋಗಬೇಕಾದ ಇಕ್ಕಟ್ಟೂ ಇದ್ದಿತು. ರಡ್ಡರ ಆಡಳಿತದ ಅವ್ಯವಸ್ಥೆಯನ್ನು ಗಿಲ್ಲಾರ್ಡರೂ ಸ್ವಾನರೂ ಮುಚ್ಚುಮರೆಯಿಲ್ಲದೆ ಹೇಳಿದ್ದು 2012ರ ಫೆಬ್ರವರಿಯಲ್ಲಿ, ರಡ್ಡರು ಮತ್ತೆ ಸ್ಪರ್ಧೆಗೆ ನಿಂತಾಗ. ಅಷ್ಟರಲ್ಲಿ ಇಪ್ಪತ್ತು ತಿಂಗಳು ಕಳೆದಿದ್ದುವು. ಅಷ್ಟು ತಡವಾಗಿ ಬಂದ ಕಾರಣವನ್ನು ಜನರು ನೆಪವೆಂದೇ ಎಣಿಸಿದರು. ಆ ಸ್ಪರ್ಧೆಯಲ್ಲಿ ಗಿಲ್ಲಾರ್ಡರು 71ಕ್ಕೆ 31ರಿಂದ ಗೆದ್ದರೂ ಜನರ ಎದುರಿನ ವ್ಯಾಜ್ಯವನ್ನು ಗೆಲ್ಲಲಿಲ್ಲ.

ಕಾರಣವು ಕಾಣದಿದ್ದಲ್ಲಿ ಜನರು ತಾವೇ ಕಾರಣವನ್ನು ಕಲ್ಪಿಸಿಕೊಳ್ಳುತ್ತಾರೆ. ಜುಲೈ 2ರಂದು ಹೊಸ ಸರ್ಕಾರವು ಮೂರು ದೊಡ್ಡ ಗಣಿ ಕಂಪೆನಿಗಳೊಡನೆ ಮಾತಾಡಿ, ತೆರಿಗೆಯನ್ನು ಶೇಕಡಾ 30ಕ್ಕೆ ಇಳಿಸಿ, ಕಲ್ಲಿದ್ದಲು ಮತ್ತು ಕಬ್ಬಿಣದ ಅದಿರಿಗೆ ಮಾತ್ರ ಅದನ್ನು ಸೀಮಿತಗೊಳಿಸಿತು. 'ಗಣಿಯವರೇ ಪ್ರಧಾನಿಯನ್ನು ಉರುಳಿಸಿದರು' ಎಂಬ ವಿವರಣೆ ಹುಟ್ಟಿಕೊಂಡಿತು. ಮತ್ತೊಂದು ವಿವರಣೆ 'ಮುಖವಿಲ್ಲದವರ' ಪಿತೂರಿ ಎಂಬುದು. ಈ ಮಾತಿನ ಚರಿತ್ರೆ ಕುತೂಹಲಕರವಾಗಿದೆ. 1963ರ ಮಾರ್ಚ್ ತಿಂಗಳ ಒಂದು ರಾತ್ರಿ, ಅಮೆರಿಕದ ನೌಕಾನೆಲೆಯ ವಿಷಯದಲ್ಲಿ ಪಕ್ಷದ ನೀತಿಯನ್ನು 36 ಮಂದಿ ಪ್ರತಿನಿಧಿಗಳು ಕ್ಯಾನ್‌ಬೆರಾದ ಹೋಟೆಲೊಂದರಲ್ಲಿ ಗೊತ್ತುಮಾಡುತ್ತಿರುವಾಗ, ಲೇಬರ್ ಪಕ್ಷದ ನಾಯಕ ಕಾಲ್ವೆಲರೂ ಉಪನಾಯಕ ವಿಟ್ಲಮರೂ ಒಳಕ್ಕೆ ಪ್ರವೇಶವಿಲ್ಲದೆ ಹೊರಗೆ ದೀಪದ ಕೆಳಗೆ ಕಾಯುತ್ತ ನಿಂತಿದ್ದರು. ಆ ಛಾಯಾಚಿತ್ರಗಳು ಪತ್ರಿಕೆಯಲ್ಲಿ ಪ್ರಕಟವಾದುವು. ಮುಖವಿಲ್ಲದ ಮೂವತ್ತಾರು ಮಂದಿ ಈ ಪಕ್ಷವನ್ನು ಆಳುತ್ತಾರೆಂದು ಮೆನ್ಜೀಸರು ಅದೇ ವರ್ಷದ ಚುನಾವಣೆಯಲ್ಲಿ ಹಂಗಿಸಿ ಗೆದ್ದರು. ನಾಲ್ವತ್ತೇಳು ವರ್ಷಗಳ ಮೇಲೆ ವಿರೋಧಪಕ್ಷವು ಅದೇ ಹಂಗಿನ ಮಾತನ್ನು ಪೆಟ್ಟಿಗೆಯಿಂದ ತೆಗೆದು ಬಳಸಿತು. ಅದು ಹೊಸದೆಂಬಂತೆ ಅಂಟಿಕೊಂಡಿತು. 2010ರಲ್ಲಿ ಸೂತ್ರ ಹಿಡಿದವರು ನಿಜವಾಗಿ ಮುಖವಿಲ್ಲದವರಲ್ಲ. ಅವರಲ್ಲಿ ಹಲವರು ಚುನಾಯಿತ ಸಂಸದರೇ, ಅಂದಿನ ರಾತ್ರಿಯ ವಾರ್ತೆಯಲ್ಲಿ ಮುಖ ತೋರಿಸಿದವರೇ. ಆದರೆ ಜನರ ಮನಸ್ಸಿನಲ್ಲಿ ಮೊದಲೇ ಮನೆ ಮಾಡಿದ್ದ ಚಿತ್ರಕ್ಕೆ ಹೊಸ ಘಟನೆ ಸರಿಯಾಗಿ ಹೊಂದಿಕೊಂಡಿತು.

ನ್ಯೂ ಸೌತ್ ವೇಲ್ಸಿನವರಿಗಂತೂ ಇದು ಮೂರು ವರ್ಷಗಳಲ್ಲಿ ಕಂಡ ಮೂರನೆಯ ಪ್ರಯೋಗ. ಅಲ್ಲಿನ ಲೇಬರ್ ಸರ್ಕಾರವು 2008ರಲ್ಲಿ ಐಯೆಮ್ಮರ ಸ್ಥಾನಕ್ಕೆ ರೀಸರನ್ನೂ, 2009ರಲ್ಲಿ ರೀಸರ ಸ್ಥಾನಕ್ಕೆ ಕ್ರಿಸ್ಟಿನಾ ಕೆನೀಲಿಯವರನ್ನೂ ತಂದಿದ್ದಿತು. ನಾಯಕನನ್ನು ಬದಲಿಸಿದರೆ ಸರ್ಕಾರ ಹೊಸದಾಗುತ್ತದೆಂಬ ಈ ಚಿಕಿತ್ಸೆಯನ್ನು ಅಲ್ಲಿನ ಜನರು ಚೆನ್ನಾಗಿ ಬಲ್ಲವರಾಗಿದ್ದರು. ರೋಗಕ್ಕಿಂತ ಔಷಧದ ಬಗೆಗೇ ಅವರಿಗೆ ಬೇಸರ ಹೆಚ್ಚಾಗಿದ್ದಿತು.

ಇನ್ನು 2010ರ ಆಗಸ್ಟ್ 21ರ ಚುನಾವಣೆಯ ಅಂಕಿಗಳನ್ನು ನೋಡಬೇಕು, ಏಕೆಂದರೆ ಸಾಮಾನ್ಯವಾಗಿ ಅವನ್ನೇ ಜನಕೋಪದ ಪ್ರಮಾಣವೆಂದು ಮುಂದಿಡುತ್ತಾರೆ. ಲೇಬರ್ ಪಕ್ಷದ ಸ್ಥಾನಗಳು 83ರಿಂದ 72ಕ್ಕೆ ಇಳಿದುವು. ಬಹುಮತ ಯಾರಿಗೂ ಬರಲಿಲ್ಲ. ರಡ್ಡರ ರಾಜ್ಯವಾದ ಕ್ವೀನ್ಸ್‌ಲೆಂಡಿನಲ್ಲಿ ಪಕ್ಷದ ವಿರುದ್ಧ ಮತಗಳು ಶೇಕಡಾ 5.6ರಷ್ಟು ವಾಲಿ, ಹಿಂದೆ 15 ಇದ್ದ ಸ್ಥಾನಗಳು 8ಕ್ಕೆ ಕುಸಿದುವು. ಮಗನನ್ನು ಇಳಿಸಿದ್ದಕ್ಕೆ ತವರು ಸೇಡು ತೀರಿಸಿಕೊಂಡಿತು ಎಂಬ ವಿವರಣೆ ಇದರಿಂದ ಹುಟ್ಟಿತು. ಒಪ್ಪಬಹುದು, ಆದರೆ ಅರೆಮನಸ್ಸಿನಿಂದ. ಕ್ವೀನ್ಸ್‌ಲೆಂಡು ಗಣಿಗಳ ನಾಡೂ ಹೌದು; ಸಾರ್ವಜನಿಕ ಆಸ್ತಿಗಳನ್ನು ಮಾರಹೊರಟಿದ್ದ ಅಲ್ಲಿನ ರಾಜ್ಯ ಸರ್ಕಾರದ ಮೇಲೆ ಜನರಿಗೆ ಸಿಟ್ಟೂ ಇದ್ದಿತು. ಸೇಡೇ ಮುಖ್ಯವಾಗಿದ್ದರೆ, ರಡ್ಡರೇ ಅಭ್ಯರ್ಥಿಯಾಗಿದ್ದ ಗ್ರಿಫಿತ್‌ನಲ್ಲಿ ಮತಗಳು ಹೆಚ್ಚಬೇಕಿತ್ತು, ಅಲ್ಲಿಯೂ ಕಡಿಮೆಯಾದುವು. ನ್ಯೂ ಸೌತ್ ವೇಲ್ಸಿನಲ್ಲಿ ವಾಲಿಕೆ ಶೇಕಡಾ 4.8, ಅದು ರಡ್ಡರ ತವರಲ್ಲ. ಇತ್ತ ಗಿಲ್ಲಾರ್ಡರ ವಿಕ್ಟೋರಿಯದಲ್ಲಿಯೂ, ಅವರು ಬೆಳೆದ ದಕ್ಷಿಣ ಆಸ್ಟ್ರೇಲಿಯದಲ್ಲಿಯೂ, ಟಾಸ್ಮೇನಿಯದಲ್ಲಿಯೂ ಮತಗಳು ಲೇಬರ್ ಕಡೆಗೇ ವಾಲಿದುವು. ಒಂದೇ ಘಟನೆಯನ್ನು ಕಂಡ ಒಂದು ದೇಶ ಹೀಗೆ ಎರಡು ದಿಕ್ಕಿಗೆ ನಡೆದಿರುವಾಗ 'ದೇಶದ ಕೋಪ' ಎಂಬ ಏಕವಚನ ಸಲ್ಲದು.

ಇನ್ನೊಂದು ಅಂಕಿಯನ್ನು ಜನರು ಅಷ್ಟಾಗಿ ಗಮನಿಸುವುದಿಲ್ಲ. ಲೇಬರ್ ಪಕ್ಷದ ಮೊದಲ ಪ್ರಾಶಸ್ತ್ಯದ ಮತಗಳು ಶೇಕಡಾ 43.4ರಿಂದ 38ಕ್ಕೆ ಇಳಿದರೆ, ವಿರೋಧಪಕ್ಷಗಳ ಕೂಟಕ್ಕೆ ಹೆಚ್ಚಾದದ್ದು ಒಂದಕ್ಕಿಂತ ಸ್ವಲ್ಪ ಮೇಲೆ ಮಾತ್ರ. ಗ್ರೀನ್ಸ್ ಪಕ್ಷದ ಮತಗಳಾದರೋ 7.8ರಿಂದ 11.8ಕ್ಕೆ ಏರಿದುವು. ಎಂದರೆ ಲೇಬರನ್ನು ಬಿಟ್ಟವರಲ್ಲಿ ಬಹುಪಾಲು ಶತ್ರುವಿನ ಪಾಳೆಯಕ್ಕೆ ಹೋಗಲಿಲ್ಲವೆಂದೇ ಎಣಿಸಬೇಕು. ಪಕ್ಕದ ಮನೆಗೆ ಹೋಗಿ ಎರಡನೆಯ ಪ್ರಾಶಸ್ತ್ಯದ ಮೂಲಕ ಹಿಂತಿರುಗಿದವರೇ ಹೆಚ್ಚು. ಇಂಗಾಲ ನಿಯಂತ್ರಣದ ಯೋಜನೆಯನ್ನು ಕೈಬಿಟ್ಟದ್ದು ರಡ್ಡರು ಇರುವಾಗಲೇ ಎಂಬುದನ್ನು ಇಲ್ಲಿ ನೆನೆಯಬೇಕು. ಇವರ ಮುನಿಸು ರಡ್ಡರು ಹೋದದ್ದಕ್ಕೋ ರಡ್ಡರು ಮಾಡಿದ್ದಕ್ಕೋ ಎಂಬುದು ಬಿಡಿಸಿ ಹೇಳಲಾಗದ ಗಂಟು. ಆ ದೇಶದಲ್ಲಿ ಮತದಾನ 1924ರಿಂದ ಕಡ್ಡಾಯ. ಬೇಸರಗೊಂಡವನು ಮನೆಯಲ್ಲಿ ಕೂಡುವಂತಿಲ್ಲ, ಮತಗಟ್ಟೆಗೆ ಹೋಗಿ ಚೀಟಿಯನ್ನು ಕೆಡಿಸಬಹುದಷ್ಟೆ. ಅಸಿಂಧುವಾದ ಮತಗಳು ಆ ವರ್ಷ ಶೇಕಡಾ 5.5ನ್ನು ಮುಟ್ಟಿದುವು. ನಮ್ಮ ದೃಷ್ಟಿಯಲ್ಲಿ ಈ ಮೌನದ ಚೀಟಿಗಳು ಅನೇಕ ಪತ್ರಿಕಾಲೇಖನಗಳಿಗಿಂತ ಹೆಚ್ಚು ಮಾತಾಡುತ್ತವೆ.

ಗಿಲ್ಲಾರ್ಡರು ಹೆಣ್ಣಾದದ್ದರಿಂದಲೇ ಪ್ರತಿಕ್ರಿಯೆ ಅಷ್ಟು ಕಟುವಾಯಿತೆಂಬ ವಾದವೊಂದಿದೆ. 2011ರಲ್ಲಿ ಇಂಗಾಲದ ಬೆಲೆಯ ವಿರುದ್ಧ ಕ್ಯಾನ್‌ಬೆರಾದಲ್ಲಿ ನಡೆದ ಸಭೆಯಲ್ಲಿ ಅವರನ್ನು ಮಾಟಗಾತಿಯೆಂದು ಕರೆದ ಫಲಕಗಳನ್ನು ಹಿಡಿದಿದ್ದರು. 2012ರ ಅಕ್ಟೋಬರ್ 9ರಂದು ಪ್ರತಿನಿಧಿಸಭೆಯಲ್ಲಿ ಸ್ತ್ರೀದ್ವೇಷವನ್ನು ಕುರಿತು ಅವರು ಮಾಡಿದ ಭಾಷಣವನ್ನು ಜಗತ್ತೇ ಕೇಳಿತು. ಗಂಡಸಿಗೆ ಹಟವೆನಿಸುವುದು ಹೆಂಗಸಿಗೆ ದ್ರೋಹವೆನಿಸುವುದನ್ನು ಅಲ್ಲಗಳೆಯುವಂತಿಲ್ಲ: ಕೀಟಿಂಗರನ್ನು ಮಹತ್ವಾಕಾಂಕ್ಷಿಯೆಂದರು, ಗಿಲ್ಲಾರ್ಡರನ್ನು ಬೆನ್ನಿಗೆ ಇರಿದವಳೆಂದರು. ಆದರೆ ಈ ಕಾರಣವು ಕೋಪದ ಕಹಿಯನ್ನು ವಿವರಿಸುತ್ತದೆಯೇ ಹೊರತು ಅದರ ಮೂಲವನ್ನಲ್ಲ. ಏಕೆಂದರೆ 2018ರಲ್ಲಿ ಗಂಡಸರ ನಡುವೆಯೇ ಅದೇ ನಾಟಕ ನಡೆದಾಗಲೂ ಜನ ಅದೇ ಪ್ರಶ್ನೆಯನ್ನು ಕೇಳಿದರು.

ಬೀದಿಯ ಮಾತಿಗೂ ಮತಪೆಟ್ಟಿಗೆಯ ಮಾತಿಗೂ ಇರುವ ಅಂತರವನ್ನು ತಿಳಿಯಲು 1975ರ ಪ್ರಸಂಗಕ್ಕೆ ಹೋಗಬೇಕು. ಆ ವರ್ಷ ಅಕ್ಟೋಬರ್ 16ರಿಂದ ಸೆನೆಟ್ಟು ಸರ್ಕಾರದ ಖರ್ಚಿನ ಮಸೂದೆಗಳನ್ನು ತಡೆಹಿಡಿದಿದ್ದಿತು. ಸೆನೆಟ್ಟಿನ ಈ ಹಟವನ್ನು ಬಹುಮಂದಿ ಒಪ್ಪುವುದಿಲ್ಲವೆಂದು ಆಗಿನ ಸಮೀಕ್ಷೆಗಳು ತೋರಿಸಿದ್ದುವು. ನವೆಂಬರ್ 11ರಂದು ಗವರ್ನರ್ ಜನರಲ್ ಸರ್ ಜಾನ್ ಕರ್ ಅವರು ಪ್ರಧಾನಿ ವಿಟ್ಲಮರನ್ನು ವಜಾ ಮಾಡಿ, ವಿರೋಧಪಕ್ಷದ ಮಾಲ್ಕಮ್ ಫ್ರೇಸರನ್ನು ಹಂಗಾಮಿ ಪ್ರಧಾನಿಯಾಗಿ ನೇಮಿಸಿದರು. ಪಾರ್ಲಿಮೆಂಟ್ ಭವನದ ಮೆಟ್ಟಿಲುಗಳ ಮೇಲೆ ವಿಸರ್ಜನೆಯ ಘೋಷಣೆಯನ್ನು ಅಧಿಕಾರಿಯೊಬ್ಬರು ಓದುತ್ತಿರುವಾಗ ವಿಟ್ಲಮರು ಹಿಂದೆಯೇ ನಿಂತಿದ್ದು, ಅನಂತರ ಜನರನ್ನು ಕುರಿತು ರೋಷವನ್ನು ಚುನಾವಣೆಯವರೆಗೆ ಕಾಪಾಡಿಕೊಳ್ಳಿರೆಂದು ಕರೆಕೊಟ್ಟರು. ನಗರಗಳಲ್ಲಿ ಮೆರವಣಿಗೆಗಳಾದುವು, ಕಾರ್ಮಿಕರು ಕೆಲಸ ಬಿಟ್ಟು ಬಂದರು. ಕಾರ್ಮಿಕ ಸಂಘಗಳ ಒಕ್ಕೂಟದ ಅಧ್ಯಕ್ಷರಾಗಿದ್ದ ಹಾಕರು ಸಾರ್ವತ್ರಿಕ ಮುಷ್ಕರ ಬೇಡವೆಂದು ತಡೆದು, ಒಂದು ದಿನದ ಕೂಲಿಯನ್ನು ಪಕ್ಷದ ನಿಧಿಗೆ ಕೊಡಿರೆಂದು ಕೇಳಿಕೊಂಡರು. ಡಿಸೆಂಬರ್ 13ರಂದು ಮತ ಎಣಿಸಿದರೆ ಫ್ರೇಸರ ಕೂಟಕ್ಕೆ 127ರಲ್ಲಿ 91 ಸ್ಥಾನ, ವಿಟ್ಲಮರಿಗೆ 36.

ಹಾಗಾದರೆ ಬೀದಿಯ ರೋಷ ಸುಳ್ಳೇ? ಹಾಗೆನ್ನುವವರಿದ್ದಾರೆ, ನಾವು ಒಪ್ಪುವುದಿಲ್ಲ. ಜನರ ಮುಂದೆ ಇಟ್ಟ ಪ್ರಶ್ನೆಯೇ ಬದಲಾಗಿತ್ತು. ನವೆಂಬರಿನಲ್ಲಿ ಪ್ರಶ್ನೆ 'ಕರ್ ಮಾಡಿದ್ದು ಸರಿಯೇ?' ಎಂಬುದು, ಡಿಸೆಂಬರಿನಲ್ಲಿ 'ಮುಂದೆ ಆಳುವವರು ಯಾರು?' ಎಂಬುದು. ಬೆಲೆಯೇರಿಕೆ, ನಿರುದ್ಯೋಗ, ಸಾಲದ ಹಗರಣಗಳಿಂದ ಬೇಸತ್ತವರು ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟರು. ಮೊದಲನೆಯದಕ್ಕೆ ಉತ್ತರ ಬೇರೆ ಬಗೆಯಲ್ಲಿ ಬಂದಿತು: ಕರ್ ಅವರು ಹೋದಹೋದಲ್ಲೆಲ್ಲ ಪ್ರತಿಭಟನೆಯನ್ನು ಎದುರಿಸಿ, ಅವಧಿ ಮುಗಿಯುವ ಮುನ್ನ 1977ರ ಡಿಸೆಂಬರಿನಲ್ಲಿ ಪದವಿ ಬಿಟ್ಟು, ಬಹುಕಾಲ ದೇಶದ ಹೊರಗೆ ಕಳೆದರು. ಅರಮನೆಯೊಡನೆ ಅವರು ನಡೆಸಿದ ಪತ್ರವ್ಯವಹಾರವನ್ನು ತೆರೆಸಲು ಚರಿತ್ರಕಾರ್ತಿ ಜೆನ್ನಿ ಹಾಕಿಂಗರು ಉಚ್ಚ ನ್ಯಾಯಾಲಯದವರೆಗೆ ಹೋರಾಡಿ 2020ರಲ್ಲಿ ಗೆದ್ದರು. ನಾಲ್ವತ್ತೈದು ವರ್ಷಗಳ ಮೇಲೂ ಒಂದು ದೇಶ ಆ ಕಾಗದಗಳಿಗಾಗಿ ಕಾದಿತೆಂದರೆ, ರೋಷ ಒಂದು ತಿಂಗಳಲ್ಲಿ ಆರಿಹೋಯಿತೆಂಬುದು ಎಂಥ ಮಾತು! ಅಂದು ಬೇಕಾಗಿದ್ದದ್ದೂ ಕಾರಣವೇ. ಏನು ನಡೆಯಿತು, ಏಕೆ ನಡೆಯಿತು ಎಂಬುದರ ಲೆಕ್ಕವೇ.

2013ರ ಜೂನ್ 26ರಂದು ರಡ್ಡರು 57ಕ್ಕೆ 45ರಿಂದ ಗಿಲ್ಲಾರ್ಡರನ್ನು ಸೋಲಿಸಿ ಮತ್ತೆ ಪ್ರಧಾನಿಯಾದರು, ಸೆಪ್ಟೆಂಬರಿನಲ್ಲಿ ಸೋತರು. ಆ ನಡುವೆ ಪಕ್ಷದ ನಿಯಮವನ್ನು ತಿದ್ದಿದರು: ಅಧಿಕಾರದಲ್ಲಿರುವ ಪ್ರಧಾನಿಯನ್ನು ಬದಲಿಸಲು ಸಂಸದರಲ್ಲಿ ನೂರಕ್ಕೆ 75 ಮಂದಿಯ ಬೇಡಿಕೆ ಬೇಕು; ನಾಯಕನ ಆಯ್ಕೆಯಲ್ಲಿ ಅರ್ಧ ಪಾಲು ಸಾಮಾನ್ಯ ಸದಸ್ಯರದು. ಲಿಬರಲ್ ಪಕ್ಷ ಈ ಪಾಠವನ್ನು ತಡವಾಗಿ ಕಲಿಯಿತು. 2015ರ ಸೆಪ್ಟೆಂಬರ್ 14ರಂದು ಟರ್ನ್‌ಬುಲ್ಲರು 54ಕ್ಕೆ 44ರಿಂದ ಅಬ್ಬಟ್ಟರನ್ನು ಇಳಿಸಿದರು. ಫೆಬ್ರವರಿಯಲ್ಲಿಯೇ ಒಂದು ಪ್ರಯತ್ನ ವಿಫಲವಾಗಿದ್ದುದರಿಂದ ಜನರಿಗೆ ಮುನ್ಸೂಚನೆ ಇದ್ದಿತು, ಮೂವತ್ತು ಸಮೀಕ್ಷೆಗಳ ಸೋಲು ಎಂಬ ಕಾರಣವನ್ನೂ ಟರ್ನ್‌ಬುಲ್ಲರು ಬಾಯಿಬಿಟ್ಟು ಹೇಳಿದರು. ಆಗ ಜನರು ಅಷ್ಟಾಗಿ ಮುನಿಯಲಿಲ್ಲ. 2018ರ ಆಗಸ್ಟ್ 24ರಂದು ಅವರನ್ನೂ ಇಳಿಸಿದರು. ಸಭೆ ಸೇರಬೇಕಾದರೆ 43 ಸಹಿಗಳನ್ನು ತನ್ನಿರೆಂದು ಅವರು ಹಟ ಹಿಡಿದಿದ್ದರು. ಸ್ಕಾಟ್ ಮಾರಿಸನ್ನರು 45ಕ್ಕೆ 40ರಿಂದ ನಾಯಕರಾದರು. ಟರ್ನ್‌ಬುಲ್ಲರನ್ನು ಇಳಿಸಿದ್ದೇಕೆ ಎಂಬ ಪ್ರಶ್ನೆಗೆ ಹೊಸ ಪ್ರಧಾನಿಯ ಬಳಿ ತೃಪ್ತಿಕರವಾದ ಉತ್ತರವಿರಲಿಲ್ಲ. ಒಕ್ಕೂಟ ಹುಟ್ಟಿದಂದಿನಿಂದ ಲೇಬರ್ ಪಕ್ಷಕ್ಕೆ ಒಮ್ಮೆಯೂ ಒಲಿಯದ ಸಿಡ್ನಿಯ ವೆಂಟ್‌ವರ್ತ್ ಕ್ಷೇತ್ರದಲ್ಲಿ ಅಕ್ಟೋಬರ್ 20ರ ಉಪಚುನಾವಣೆಯಲ್ಲಿ ಮತಗಳು ಹೆಚ್ಚುಕಡಿಮೆ ಶೇಕಡಾ 19ರಷ್ಟು ವಾಲಿ ಸ್ವತಂತ್ರ ಅಭ್ಯರ್ಥಿ ಕೆರಿನ್ ಫೆಲ್ಪ್ಸ್ ಗೆದ್ದರು. ಡಿಸೆಂಬರಿನಲ್ಲಿ ಲಿಬರಲ್ ಪಕ್ಷವೂ, ಚುನಾವಣೆ ಗೆದ್ದ ಪ್ರಧಾನಿಯನ್ನು ಇಳಿಸಲು ಮೂರರಲ್ಲಿ ಎರಡು ಪಾಲು ಸಂಸದರು ಬೇಕೆಂದು ಕಟ್ಟುಮಾಡಿತು. ಜನರ 'ಅಜ್ಞಾನ' ಎಂಟೂವರೆ ವರ್ಷಗಳಲ್ಲಿ ಎರಡೂ ಪಕ್ಷಗಳ ನಿಯಮವಾಯಿತು.

ನಮ್ಮ ವಾದಕ್ಕೆ ಅಡ್ಡ ಬರುವ ಸಂಗತಿಯೊಂದನ್ನು ಮುಚ್ಚಿಡುವುದು ಸರಿಯಲ್ಲ. ಕಾರಣ ಹೇಳಲಾರದ ಆ ಮಾರಿಸನ್ನರೇ 2019ರ ಮೇ 18ರ ಚುನಾವಣೆಯನ್ನು, ಎಲ್ಲ ಸಮೀಕ್ಷೆಗಳನ್ನೂ ಸುಳ್ಳು ಮಾಡಿ, ಗೆದ್ದರು. ಕಾರಣ ಹೇಳಿದ ಟರ್ನ್‌ಬುಲ್ಲರು 2016ರಲ್ಲಿ 76 ಸ್ಥಾನಗಳೊಡನೆ ಕೂದಲೆಳೆಯಲ್ಲಿ ಪಾರಾಗಿದ್ದರು. ವಿರೋಧಪಕ್ಷದ ತೆರಿಗೆ ಯೋಜನೆಗಳ ಭಯವು 2019ರಲ್ಲಿ ಹಳೆಯ ಮುನಿಸನ್ನು ಮೀರಿಸಿತೆಂದು ಹೇಳಬಹುದು. ಹೊಸ ನಿಯಮದಿಂದ ಜನರಿಗೆ ಭರವಸೆ ಸಿಕ್ಕಿತೆಂದೂ ಹೇಳಬಹುದು. 1975ರಂತೆ ಅಲ್ಲಿಯೂ ಮತಪೆಟ್ಟಿಗೆಗೆ ಬೇರೆ ಪ್ರಶ್ನೆಯನ್ನು ಕೇಳಲಾಗಿತ್ತೆಂದು ನಮಗೆ ತೋರುತ್ತದೆ. ಆದರೆ ಇದು ಊಹೆ.

ಊಹೆಯನ್ನು ಬಿಟ್ಟು ಮುಂದೆ ಹೋಗಬೇಕಾದರೆ ಜನರ ಸ್ವಂತ ಮಾತುಗಳಿಗೆ ಹೋಗಬೇಕು. ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯವು 'ಟ್ರೋವ್' ಎಂಬ ಹೆಸರಿನಲ್ಲಿ ಹಳೆಯ ಪತ್ರಿಕೆಗಳನ್ನು ಯಾರು ಬೇಕಾದರೂ ಹಣ ಕೊಡದೆ ಓದುವಂತೆ ತೆರೆದಿಟ್ಟಿದೆ. 'ದಿ ಕ್ಯಾನ್‌ಬೆರಾ ಟೈಮ್ಸ್' ಪತ್ರಿಕೆಯ 1995ರವರೆಗಿನ ಸಂಚಿಕೆಗಳು ಅದರಲ್ಲಿವೆ. 1975ರ ನವೆಂಬರಿನ ಮತ್ತು 1991ರ ಡಿಸೆಂಬರಿನ ವಾಚಕರ ಪತ್ರಗಳನ್ನು ನಮ್ಮ ಯಾವ ಕಾಲೇಜಿನ ವಿದ್ಯಾರ್ಥಿಯಾದರೂ ಒಂದೊಂದಾಗಿ ಓದಿ, ಹಕ್ಕನ್ನು ಕುರಿತು ಬರೆದವರೆಷ್ಟು, ರೀತಿಯನ್ನು ಕುರಿತು ಬರೆದವರೆಷ್ಟು, ಕಾರಣವನ್ನು ಕೇಳಿದವರೆಷ್ಟು ಎಂದು ಎಣಿಸಿ ಪಟ್ಟಿ ಮಾಡಬಹುದು. ಅದು ರಾಜಧಾನಿಯ ಪತ್ರಿಕೆ, ಸರ್ಕಾರಿ ನೌಕರರ ಊರಿನ ಪತ್ರಿಕೆ ಎಂಬ ಎಚ್ಚರಿಕೆ ಇರಬೇಕು. ಈ ಎರಡು ತಿಂಗಳುಗಳ ಎಣಿಕೆಯನ್ನು ನಮ್ಮ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಗೊಳ್ಳುವುದಾದರೆ, ನಾವು ಮಾಡಿಕೊಂಡಿರುವ ಟಿಪ್ಪಣಿಗಳನ್ನು ಸಂತೋಷದಿಂದ ಒಪ್ಪಿಸುತ್ತೇವೆ.